ಕಂಪ್ಯೂಟರ್, ಮೊಬೈಲು ಮತ್ತು ಕಾನೂನು: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ಪಾಠ ಹೇಳುವವನ ಹತ್ತಿರ ಕಂಪ್ಯೂಟರ್ ಬಗ್ಗೆಯೇ ಕೇಳುವವರು ಈಗ ಕಡಿಮೆ. ದುಡ್ಡು ಹೋಯಿತು, ಫೋಟೋ ಹರಿದಾಡುತ್ತಿದೆ, ಐಡಿ ಬ್ಲಾಕ್ ಆಯಿತು, ಇಂಥವೇ ಹೆಚ್ಚು. ಕಾಲೇಜಿನಲ್ಲಿ ಮಾತಾಡಿ ವೇದಿಕೆ ಇಳಿದಾಗ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ವಕೀಲನಲ್ಲ. ಕೇಸು ನಡೆಸುವ ಹಂತ ಬಂದರೆ ವಕೀಲರನ್ನೇ ಕಾಣಬೇಕು. ಆದರೆ ಅವರ ಕಚೇರಿ ಮೆಟ್ಟಿಲು ಹತ್ತುವ ಮುಂಚಿನ ಕೆಲವು ಗಂಟೆಗಳಲ್ಲಿ ನೀವು ಏನು ಮಾಡಿದಿರಿ, ಏನನ್ನು ಉಳಿಸಿಟ್ಟುಕೊಂಡಿರಿ ಎಂಬುದರ ಮೇಲೆ ಬಹಳಷ್ಟು ನಿಂತಿರುತ್ತದೆ.

## ದುಡ್ಡಿನ ವಿಚಾರ

ಸಾರ್, ಅಕೌಂಟಿಂದ ದುಡ್ಡು ಹೋಯ್ತು. ಮೊದಲು ಬ್ಯಾಂಕಿಗೆ ಹೋಗ್ಲಾ, ಸ್ಟೇಷನ್ನಿಗೆ ಹೋಗ್ಲಾ?

ಕೂತಲ್ಲಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬ್ಯಾಂಕು, ಸ್ಟೇಷನ್ನು ಆಮೇಲೆ.

ಕದ್ದವರು ದುಡ್ಡನ್ನು ಒಂದೇ ಖಾತೆಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ. ಮೊದಲ ಖಾತೆಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಅದು ತುಂಡುತುಂಡಾಗಿ ಬೇರೆ ಬೇರೆ ಬ್ಯಾಂಕುಗಳಿಗೆ ಹೋಗುತ್ತದೆ. ಅಲ್ಲಿಂದ ಎಟಿಎಂ, ಇಲ್ಲವೇ ಕ್ರಿಪ್ಟೊ. ನೀವು 1930ರಲ್ಲಿ ಬರೆಸಿದ ದೂರು ಈ ಸರಪಳಿಯ ಬ್ಯಾಂಕುಗಳಿಗೆಲ್ಲ ಒಂದೇ ವ್ಯವಸ್ಥೆಯ ಮೂಲಕ ಮುಟ್ಟುತ್ತದೆ. ಖಾತೆಯಲ್ಲಿ ಇನ್ನೂ ಉಳಿದಿರುವ ಮೊತ್ತವನ್ನು ಅವರು ತಡೆಹಿಡಿಯುತ್ತಾರೆ. ಡ್ರಾ ಆಗಿಹೋಗಿದ್ದರೆ ತಡೆಯಲು ಏನೂ ಇರುವುದಿಲ್ಲ. 'ಮನೆಯವರಿಗೆ ಹೇಳೋಕೆ ನಾಚಿಕೆ ಆಯ್ತು' ಎಂದು ಎರಡು ದಿನ ಬಿಟ್ಟು ಬರುವವರಿದ್ದಾರೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಗುತ್ತದೆ.

ಫೋನ್ ಮಾಡುವಾಗ ನಿಮ್ಮ ಖಾತೆ ಸಂಖ್ಯೆ, ಹೋದ ಮೊತ್ತ, ಸಮಯ ಕೈಯಲ್ಲಿರಲಿ. ಯುಪಿಐ ಮೂಲಕ ಹೋಗಿದ್ದರೆ ಆ್ಯಪಿನ ಹಿಸ್ಟರಿಯಲ್ಲಿ ಆ ವ್ಯವಹಾರ ತೆರೆದು ನೋಡಿ, 12 ಅಂಕಿಯ ಯುಟಿಆರ್ ಸಂಖ್ಯೆ ಇರುತ್ತದೆ. ಅದನ್ನು ಕಾಗದದ ಮೇಲೆ ಬರೆದುಕೊಂಡೇ ಕರೆ ಮಾಡಿ. ಗಾಬರಿಯಲ್ಲಿ ಕೈ ನಡುಗುವಾಗ ಅದೇ ಫೋನಿನಲ್ಲಿ ಮಾತಾಡುತ್ತಾ ಆ್ಯಪು ಹುಡುಕುವುದು ಆಗದ ಕೆಲಸ. ದೂರಿನ ಸಂಖ್ಯೆ ಕೇಳಿ ಪಡೆಯಿರಿ. ನಂತರ ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ತೆಗೆದುಕೊಳ್ಳಿ.

1930ರ ದೂರು ತಾನಾಗಿ ಎಫ್‌ಐಆರ್ ಆಗಿಬಿಡುತ್ತದೆ ಎಂದುಕೊಳ್ಳಬೇಡಿ. ಜಿಲ್ಲಾ ಕೇಂದ್ರದಲ್ಲಿ ಸೈಬರ್ ಅಪರಾಧ ನೋಡುವ ಸೆನ್ ಠಾಣೆಗೆ ಅಥವಾ ನಿಮ್ಮೂರಿನ ಠಾಣೆಗೆ ಹೋಗಿ. 'ಇದು ನಮ್ಮ ಲಿಮಿಟ್ಟಿಗೆ ಬರಲ್ಲ' ಎಂದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿದ್ದರೂ ದೂರು ದಾಖಲಿಸಬೇಕು ಎಂದು ಮೆಲ್ಲಗೆ ನೆನಪಿಸಿ.

ಓಟಿಪಿ ನಾನೇ ಹೇಳಿಬಿಟ್ಟೆ. ಬ್ಯಾಂಕಿನವರು ಕೈ ತೊಳ್ಕೊಂಡ್ರು. ಇಷ್ಟೇನಾ?

ಪೂರ್ತಿ ಇಷ್ಟೇ ಅಲ್ಲ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಇಂಥ ನಷ್ಟವನ್ನು ಬಗೆಬಗೆಯಾಗಿ ನೋಡುತ್ತದೆ. ತಪ್ಪು ಬ್ಯಾಂಕಿನದಾದರೆ ನಿಮ್ಮ ಹೊಣೆ ಸೊನ್ನೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವಿನ ವ್ಯವಸ್ಥೆಯಲ್ಲೆಲ್ಲೋ ಸೋರಿದೆ ಎಂದಾದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೂ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಖಾತೆಯ ಬಗೆ ನೋಡಿ ಒಂದು ಮಿತಿಯವರೆಗೆ ನಷ್ಟ ನಿಮ್ಮದು.

ಓಟಿಪಿ ಹೇಳಿದ್ದು ಗ್ರಾಹಕರ ನಿರ್ಲಕ್ಷ್ಯದ ಲೆಕ್ಕಕ್ಕೆ ಬರುತ್ತದೆ, ಅದು ನಿಜ. ಆದರೆ ಅಲ್ಲೂ ನೀವು ಬ್ಯಾಂಕಿಗೆ ತಿಳಿಸುವ ಕ್ಷಣದವರೆಗಿನ ನಷ್ಟ ಮಾತ್ರ ನಿಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಹತ್ತು ಗಂಟೆಗೆ ಒಂದು ಸಲ, ಹತ್ತೂವರೆಗೆ ಇನ್ನೊಂದು ಸಲ ಹೋಗಿದೆ, ನೀವು ಹತ್ತೂಕಾಲಿಗೆ ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿದ್ದಿರಿ ಎಂದರೆ ಎರಡನೆಯದನ್ನು ಬ್ಯಾಂಕೇ ತುಂಬಬೇಕು. ಗ್ರಾಹಕರದೇ ತಪ್ಪು ಎಂದು ತೋರಿಸುವ ಹೊಣೆಯೂ ಬ್ಯಾಂಕಿನದೇ. ಕೌಂಟರಿನಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಬರೆದುಕೊಟ್ಟು ಮೂವತ್ತು ದಿನವಾದರೂ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ.

ಡಿಜಿಟಲ್ ಅರೆಸ್ಟ್ ಅಂತ ಕಾನೂನಿನಲ್ಲಿ ಏನಾದರೂ ಇದೆಯಾ?

ಇಲ್ಲ. ಪೊಲೀಸರೆಂದು ಹೇಳಿಕೊಂಡು ವಿಡಿಯೊ ಕಾಲ್ ಮಾಡಿ, ನಿಮ್ಮನ್ನು ಬಂಧಿಸಿದ್ದೇವೆ ಎಂದು ಹೆದರಿಸಿ ದುಡ್ಡು ಕೀಳುವ ವಂಚನೆ ಅದು. ವಿಡಿಯೊ ಕಾಲ್‌ನಲ್ಲಿ ಬಂಧಿಸುವ ಅಧಿಕಾರ ನಮ್ಮ ದೇಶದಲ್ಲಿ ಯಾವ ಪೊಲೀಸರಿಗೂ, ಸಿಬಿಐಗೂ, ಇ.ಡಿ.ಗೂ, ಕೋರ್ಟಿಗೂ ಇಲ್ಲ. ವಿಚಾರಣೆಗೆ ಕರೆಯುವ ನೋಟಿಸನ್ನು ಪೊಲೀಸರು ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಹೇಳಿದೆ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ತಮ್ಮ ಮನ್ ಕೀ ಬಾತ್‌ನಲ್ಲಿ ಇಂಥದ್ದೊಂದು ಕರೆಯ ತುಣುಕನ್ನು ಕೇಳಿಸಿದ್ದರಲ್ಲ, ಅದು ನಮ್ಮ ವಿಜಯಪುರದವರೊಬ್ಬರಿಗೆ ಬಂದ ಕರೆ.

ಓದಿದವರು, ನಿವೃತ್ತ ಅಧಿಕಾರಿಗಳು ಹೇಗೆ ಬಲಿಯಾಗುತ್ತಾರೆ ಎಂದು ಎಲ್ಲರೂ ಬೆರಗಾಗುತ್ತಾರೆ. ವಂಚಕರು ಮೊದಲು ಮಾಡುವುದೇ ಮನುಷ್ಯನನ್ನು ಒಂಟಿ ಮಾಡುವ ಕೆಲಸ. ಕ್ಯಾಮೆರಾ ಆಫ್ ಮಾಡುವಂತಿಲ್ಲ, ಹೆಂಡತಿಗೂ ಹೇಳುವಂತಿಲ್ಲ, ಹೇಳಿದರೆ ಅವರನ್ನೂ ಕೇಸಿಗೆ ಸೇರಿಸುತ್ತೇವೆ ಎನ್ನುತ್ತಾರೆ. ಕಾನೂನಿಗೆ ಹೆದರಿ ಬಾಳಿದವರಿಗೇ ಈ ಹೆದರಿಕೆ ಹೆಚ್ಚು ನಾಟುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಒಂದು ಮಾತು ಹೇಳಿಡಿ: 'ಯಾರಿಗೂ ಹೇಳಬೇಡಿ ಅಂತ ಯಾವ ಪೊಲೀಸ್ ಹೇಳಿದರೂ ಫೋನ್ ಇಟ್ಟು ಮೊದಲು ನನಗೆ ಹೇಳಿ.'

ನಂದು ಕಿರಾಣಿ ಅಂಗಡಿ. ಯಾರೋ ಫೋನ್‌ಪೇ ಮಾಡಿದ 600 ರೂಪಾಯಿಗೆ ಇಡೀ ಖಾತೆ ಫ್ರೀಜ್ ಆಗಿದೆ. ನಾನೇನು ತಪ್ಪು ಮಾಡಿದೆ?

ನೀವು ಏನೂ ಮಾಡಿಲ್ಲದಿರಬಹುದು. ಕದ್ದ ದುಡ್ಡಿನ ಸರಪಳಿಯಲ್ಲಿದ್ದ ಯಾರೋ ನಿಮ್ಮ ಅಂಗಡಿಯಲ್ಲಿ ಸಾಮಾನು ಕೊಂಡಿರುತ್ತಾರೆ. ಅಸ್ಸಾಮಿನಲ್ಲೋ ಗುಜರಾತಿನಲ್ಲೋ ದಾಖಲಾದ ದೂರು ನಿಮ್ಮ ಖಾತೆಯವರೆಗೆ ಬಂದಿರುತ್ತದೆ. ವಂಚನೆಗೆ ಒಳಗಾದವರನ್ನು ಕಾಯುವ ವ್ಯವಸ್ಥೆಯೇ ಇಲ್ಲಿ ಇನ್ನೊಬ್ಬ ಅಮಾಯಕರ ಕುತ್ತಿಗೆಗೆ ಬರುತ್ತದೆ. ನನ್ನ ಮಟ್ಟಿಗೆ ಇದು ಈ ವ್ಯವಸ್ಥೆಯ ದೊಡ್ಡ ಲೋಪ.

ಬ್ಯಾಂಕಿಗೆ ಹೋಗಿ ಮೂರು ವಿವರ ಬರವಣಿಗೆಯಲ್ಲಿ ಕೇಳಿ: ಯಾವ ಠಾಣೆಯ ಆದೇಶ, ದೂರಿನ ಸಂಖ್ಯೆ ಏನು, ತಕರಾರಿನ ಮೊತ್ತ ಎಷ್ಟು. 600 ರೂಪಾಯಿಗೆ ತಕರಾರಿದ್ದರೆ ಅಷ್ಟನ್ನು ಮಾತ್ರ ತಡೆಹಿಡಿದು ಉಳಿದದ್ದನ್ನು ಬಿಡಿ ಎಂದು ಬ್ಯಾಂಕಿಗೂ ಆ ಠಾಣೆಗೂ ಮನವಿ ಕೊಡಿ. ಜೊತೆಗೆ ಆ ದಿನದ ಬಿಲ್ಲು ಅಥವಾ ವ್ಯಾಪಾರದ ಪುಸ್ತಕದ ಪುಟ, ಜಿಎಸ್‌ಟಿ ಇದ್ದರೆ ಅದರ ಪ್ರತಿ ಲಗತ್ತಿಸಿ. ಆಗಲೂ ಬಿಡದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ, ಇಲ್ಲವೇ ಹೈಕೋರ್ಟು. ಹಣವನ್ನು ನೀವೇ ಆ 'ದೂರುದಾರ'ರಿಗೆ ವಾಪಸ್ ಹಾಕಲು ಹೋಗಬೇಡಿ. ಫೋನ್ ಮಾಡಿದವರು ನಿಜವಾದ ದೂರುದಾರರೇ ಎಂದು ನಿಮಗೆ ಗೊತ್ತಾಗುವ ದಾರಿಯೇ ಇಲ್ಲ.

ತಿಂಗಳಿಗೆ ಇಷ್ಟು ಕೊಡುತ್ತೇವೆ, ನಿನ್ನ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಕೊಡು ಎಂದು ಕೇಳಿದಾಗ ಕೊಟ್ಟ ಹುಡುಗರ ಕಥೆ ಬೇರೆ. ಅವರು ಕೇಸಿನಲ್ಲಿ ಆರೋಪಿಗಳೇ ಆಗುತ್ತಾರೆ.

## ಪೋಸ್ಟು, ಫೋಟೋ, ಗ್ರೂಪು

ಗ್ರೂಪಲ್ಲಿ ಯಾರೋ ಏನೋ ಹಾಕಿದ್ರೆ ಅಡ್ಮಿನ್‌ನ ಒಳಗೆ ಹಾಕ್ತಾರಂತೆ, ಹೌದಾ?

ಅಡ್ಮಿನ್ ಆಗಿರುವ ಕಾರಣಕ್ಕೇ ಅಪರಾಧಿ ಆಗುವುದಿಲ್ಲ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟು 2022ರಲ್ಲಿ ಇದನ್ನೇ ಹೇಳಿವೆ. ಸದಸ್ಯರು ಏನು ಹಾಕುತ್ತಾರೆಂದು ಅಡ್ಮಿನ್‌ಗೆ ಮೊದಲೇ ತಿಳಿಯುವುದಿಲ್ಲ, ಅವರಿಗಿರುವುದು ಸೇರಿಸುವ, ತೆಗೆಯುವ ಅಧಿಕಾರ ಎಂಬುದು ಆ ತರ್ಕ. ನೀವೇ ಸೇರಿಕೊಂಡು ಮಾಡಿದ್ದರೆ, ನೀವೇ ಫಾರ್ವರ್ಡ್ ಮಾಡಿದ್ದರೆ ಆ ರಕ್ಷಣೆ ಇಲ್ಲ. ಈಗ ಅಡ್ಮಿನ್‌ಗೆ ಬೇರೆಯವರ ಮೆಸೇಜನ್ನೂ ಅಳಿಸುವ ಸೌಲಭ್ಯ ಇದೆ. ದ್ವೇಷದ ವಿಡಿಯೊ ಕಂಡೂ ದಿನಗಟ್ಟಲೆ ಬಿಟ್ಟರೆ ಪೊಲೀಸರ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ.

ಮಂತ್ರಿಗಳ ಬಗ್ಗೆ ಪೋಸ್ಟ್ ಹಾಕಿದ್ದಕ್ಕೆ 66ಎ ಹಾಕ್ತೀವಿ ಅಂತ ಹೆದರಿಸ್ತಿದ್ದಾರೆ.

ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಎ ಕಲಮು ಸತ್ತು ವರ್ಷಗಳಾದವು. ಕಾನೂನು ವಿದ್ಯಾರ್ಥಿನಿ ಶ್ರೇಯಾ ಸಿಂಘಲ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಅದನ್ನು ರದ್ದು ಮಾಡಿತು. 'ಕಿರಿಕಿರಿ', 'ಅನಾನುಕೂಲ' ಇಂಥ ಅಳತೆಗೆ ಸಿಗದ ಮಾತುಗಳಿಗೆಲ್ಲ ಜೈಲು ಇಟ್ಟಿದ್ದ ಕಲಮು ಅದು. ರದ್ದಾದ ಮೇಲೂ ಠಾಣೆಗಳಲ್ಲಿ ಅದೇ ಕಲಮಿನಡಿ ಕೇಸು ಬೀಳುತ್ತಲೇ ಇದ್ದವು, ಕೊನೆಗೆ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೇ ಯಾರ ಮೇಲೂ ಇದರಡಿ ಮೊಕದ್ದಮೆ ನಡೆಸಕೂಡದು ಎಂದು ಮತ್ತೆ ಹೇಳಬೇಕಾಯಿತು. ಹಾಗೆಂದು ಏನನ್ನಾದರೂ ಬರೆಯಬಹುದು ಎಂದಲ್ಲ. ಮಾನನಷ್ಟ, ಬೆದರಿಕೆ, ಗುಂಪುಗಳ ನಡುವೆ ದ್ವೇಷ ಬಿತ್ತುವುದು, ಇವಕ್ಕೆಲ್ಲ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇರೆ ಕಲಮುಗಳಿವೆ.

ಪೋಸ್ಟ್ ಡಿಲೀಟ್ ಆಗಿಲ್ಲ, ಆದರೆ ಭಾರತದಲ್ಲಿ ಕಾಣ್ತಿಲ್ಲ. ಯಾರು ಮಾಡಿದ್ದು ಅಂತ ತಿಳ್ಕೋಬಹುದಾ?

ಸುಲಭವಾಗಿ ಆಗುವುದಿಲ್ಲ. ಐಟಿ ಕಾಯ್ದೆಯ 69ಎ ಕಲಮಿನಡಿ ಕೇಂದ್ರ ಸರ್ಕಾರ ತಡೆ ಆದೇಶ ಕೊಡುತ್ತದೆ, 2009ರ ನಿಯಮಗಳು ಆ ಆದೇಶವನ್ನು ಗುಟ್ಟಾಗಿಡಲು ಹೇಳುತ್ತವೆ. ಬರೆದವರಿಗೆ ತಿಳಿಸದೆ ಮಾಡುವ ಈ ರೀತಿಯ ವಿರುದ್ಧ ಟ್ವಿಟರ್ ನಮ್ಮ ಕರ್ನಾಟಕ ಹೈಕೋರ್ಟಿಗೇ ಬಂದಿತ್ತು. 2023ರ ಜೂನ್ 30ರಂದು ಏಕಸದಸ್ಯ ಪೀಠ ಅರ್ಜಿ ವಜಾ ಮಾಡಿ ಕಂಪನಿಗೆ 50 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ದೊಡ್ಡ ಕಂಪನಿಗೇ ಇಷ್ಟಾದರೆ ಒಬ್ಬ ಸಾಮಾನ್ಯ ಬರಹಗಾರರ ಪಾಡು ಊಹಿಸಿಕೊಳ್ಳಿ.

ಲೋನ್ ಆ್ಯಪಿನವರು ನನ್ನ ತಂಗಿಯ ಮುಖಕ್ಕೆ ಬೇರೆ ದೇಹ ಅಂಟಿಸಿ ನೆಂಟರಿಗೆಲ್ಲ ಕಳಿಸ್ತೀವಿ ಅಂತಾರೆ. ದುಡ್ಡು ಕೊಟ್ಟರೆ ಬಿಡ್ತಾರಾ?

ಬಿಡುವುದಿಲ್ಲ. ಒಮ್ಮೆ ಕೊಟ್ಟರೆ ಇವರು ಕೊಡುವವರು ಎಂದು ಗುರುತು ಹಾಕಿಕೊಳ್ಳುತ್ತಾರೆ, ಅಷ್ಟೆ.

ಆ್ಯಪು ಹಾಕಿಕೊಳ್ಳುವಾಗ ಕಾಂಟ್ಯಾಕ್ಟ್ಸು, ಗ್ಯಾಲರಿ ನೋಡಲು ಅನುಮತಿ ಕೇಳಿರುತ್ತದೆ. 'ಅಲೋ' ಒತ್ತಿದ ಕೂಡಲೇ ಎಲ್ಲವೂ ಅವರ ಸರ್ವರಿಗೆ ಹೋಗಿರುತ್ತದೆ. ಸಾಲದ ಆ್ಯಪುಗಳು ಫೋನಿನ ಫೈಲು, ಕಾಂಟ್ಯಾಕ್ಟು, ಕರೆ ಪಟ್ಟಿ ಮುಟ್ಟಕೂಡದು ಎಂದು ರಿಸರ್ವ್ ಬ್ಯಾಂಕು 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅಂದರೆ ಅದನ್ನು ಕೇಳುವ ಆ್ಯಪು ಅಲ್ಲೇ ತನ್ನ ಬಣ್ಣ ತೋರಿಸಿಕೊಂಡಿತು.

ಮೊದಲು ಬೆದರಿಕೆಯ ಮೆಸೇಜು, ನಂಬರು, ಲಿಂಕು ಎಲ್ಲ ಉಳಿಸಿಕೊಳ್ಳಿ. ಆಮೇಲೆ ಆ್ಯಪಿನ ಅನುಮತಿ ಕಿತ್ತುಹಾಕಿ. ನೆಂಟರಿಷ್ಟರಿಗೆ ನೀವೇ ಮೊದಲು ಒಂದು ಮೆಸೇಜು ಹಾಕಿಬಿಡಿ, 'ನಕಲಿ ಚಿತ್ರ ಬರಬಹುದು, ತೆರೆಯದೆ ರಿಪೋರ್ಟ್ ಮಾಡಿ' ಎಂದು. ಅವರ ಕೈಯಲ್ಲಿರುವ ಒಂದೇ ಆಯುಧ ನಿಮ್ಮ ಸಂಕೋಚ. ಅದು ಅಲ್ಲಿಗೆ ಮೊಂಡಾಗುತ್ತದೆ.

ಚಿತ್ರ ಈಗಾಗಲೇ ಹರಿದಾಡುತ್ತಿದ್ದರೆ ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ನಗ್ನ ಚಿತ್ರ, ತಿರುಚಿದ ಚಿತ್ರಗಳನ್ನು ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕು ಎಂದು 2021ರ ಐಟಿ ನಿಯಮ ಬಂದಾಗಲೇ ಗಡುವು ಹಾಕಿತ್ತು. ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಸೇವೆಯೂ ಇದೆ. ಅದಕ್ಕೆ ಚಿತ್ರ ಕಳಿಸಬೇಕಿಲ್ಲ. ನಿಮ್ಮ ಫೋನಿನಲ್ಲೇ ಆ ಚಿತ್ರದಿಂದ ಹ್ಯಾಶ್ ಎಂಬ ಒಂದು ಉದ್ದದ ಸಂಕೇತ ಸಂಖ್ಯೆ ತಯಾರಾಗಿ, ಆ ಸಂಖ್ಯೆ ಮಾತ್ರ ಹೋಗುತ್ತದೆ. ಸೇರಿಕೊಂಡಿರುವ ಕಂಪನಿಗಳು ಅದೇ ಸಂಖ್ಯೆಗೆ ಹೊಂದುವ ಚಿತ್ರವನ್ನು ತಡೆಯುತ್ತವೆ. ತಂಗಿಗೆ 18 ತುಂಬಿಲ್ಲದಿದ್ದರೆ ಇದು ಪೋಕ್ಸೊ ಮತ್ತು ಐಟಿ ಕಾಯ್ದೆಯ 67ಬಿ ಕಲಮಿನ ವಿಷಯ. ಚಿತ್ರವನ್ನು ಸಾಕ್ಷಿಗೆಂದು ಕೂಡ ಯಾರಿಗೂ ಫಾರ್ವರ್ಡ್ ಮಾಡದೆ ನೇರವಾಗಿ ಠಾಣೆಗೆ ಫೋನು ಒಯ್ಯಿರಿ.

ಹುಡುಕಿದರೂ ಸಿಗಲ್ಲ ಬಿಡಿ ಎನ್ನುವವರ ಮಾತು ಕೇಳಬೇಡಿ. ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಇನ್ನೊಬ್ಬ ಯುವತಿಯ ವಿಡಿಯೊಗೆ ಅಂಟಿಸಿದ್ದು 2023ರ ನವೆಂಬರ್‌ನಲ್ಲಿ. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರದಲ್ಲಿ ಆರೋಪಿಯನ್ನು ಹಿಡಿದರು. ಹೆಸರಿದ್ದವರಿಗೆ ಸಿಕ್ಕಷ್ಟೇ ಬೇಗ ನಮ್ಮ ನಿಮ್ಮ ಮನೆಯವರಿಗೂ ನ್ಯಾಯ ಸಿಗಬೇಕು ಎಂಬುದು ನನ್ನ ತಕರಾರು.

ಸ್ಕ್ರೀನ್‌ಶಾಟ್ ಇಟ್ಕೊಂಡಿದ್ದೀನಿ, ಕೋರ್ಟಿಗೆ ಸಾಕಲ್ವಾ?

ದೂರು ಕೊಡಲು ಸಾಕು, ಕೋರ್ಟಿಗೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಡಿಜಿಟಲ್ ದಾಖಲೆಯ ಪ್ರತಿಯ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದನ್ನು ದಾಖಲೆ ಕೊಡುವವರು, ಇನ್ನೊಂದನ್ನು ತಜ್ಞರು ತುಂಬಬೇಕು, ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಅದನ್ನು ವಕೀಲರು ನೋಡಿಕೊಳ್ಳುತ್ತಾರೆ. ನಿಮ್ಮ ಕೆಲಸ ಮೂಲ ಉಳಿಸುವುದು. ಚಾಟ್ ಅಳಿಸಬೇಡಿ, ಫೋನನ್ನು ಎಕ್ಸ್‌ಚೇಂಜಿಗೆ ಹಾಕಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಸ್ಕ್ರೀನ್‌ಶಾಟಿನಲ್ಲಿ ಡಿಪಿ ಮತ್ತು ಹೆಸರು ಮಾತ್ರ ಇದ್ದರೆ ಅದಕ್ಕೆ ಬೆಲೆ ಕಡಿಮೆ, ಪ್ರೊಫೈಲ್ ತೆರೆದು ನಂಬರು ಕಾಣುವಂತೆ ಇನ್ನೊಂದು ತೆಗೆದಿಡಿ.

## ನಮ್ಮ ಮಾಹಿತಿ ಯಾರದು?

ಖಾಸಗಿತನ ಹಕ್ಕು ಅಂತೀರಿ. ಸಂವಿಧಾನದಲ್ಲಿ ಆ ಮಾತೇ ಇಲ್ಲವಲ್ಲ?

ಮಾತು ಇಲ್ಲ, ಹಕ್ಕು ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿದ್ದರಿಂದ ವಿಷಯ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ, 21ನೇ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನೊಳಗೇ ಖಾಸಗಿತನ ಇದೆ ಎಂದರು. ಮರುವರ್ಷ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಆಧಾರ್ ಉಳಿಯಿತು, ಆದರೆ ಖಾಸಗಿ ಕಂಪನಿಗಳು ಅದನ್ನು ಕಡ್ಡಾಯವಾಗಿ ಕೇಳಲು ದಾರಿಯಾಗಿದ್ದ ಭಾಗ ಬಿದ್ದುಹೋಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಬಗ್ಗೆ ಒಂದು ಪಾಠ ಇರಬೇಕಿತ್ತು.

ಬಟ್ಟೆ ಅಂಗಡೀಲಿ ಮೊಬೈಲ್ ನಂಬರ್ ಕೊಡದಿದ್ರೆ ಬಿಲ್ಲೇ ಆಗಲ್ಲ ಅಂತಾರೆ.

ಆಗುತ್ತದೆ. ನಂಬರು ಕೊಡಲ್ಲ ಎಂದವರಿಗೆ ಮಾರಾಟ ನಿರಾಕರಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ವ್ಯಾಪಾರಿಗಳಿಗೆ ಸೂಚಿಸಿದೆ. ಕೌಂಟರಿನ ಹುಡುಗಿಯ ಮೇಲೆ ರೇಗಬೇಡಿ, ಮ್ಯಾನೇಜರನ್ನು ಕರೆಸಿ.

ಡೇಟಾ ರಕ್ಷಣೆಯ ಹೊಸ ಕಾಯ್ದೆ ಬಂತಲ್ಲ, ಮಾಹಿತಿ ಸೋರಿದರೆ ನನಗೆ ಪರಿಹಾರ ಸಿಗುತ್ತಾ?

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿದ್ದದ್ದು 2023ರ ಆಗಸ್ಟ್‌ನಲ್ಲಿ, ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಗಡುವಿದೆ. ಮಾಹಿತಿ ಕಾಯಲಾರದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಆ ದಂಡ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ನಿಮಗೆ ಒಂದು ಪೈಸೆ ಇಲ್ಲ. ಪರಿಹಾರ ಕೇಳಲು ಐಟಿ ಕಾಯ್ದೆಯಲ್ಲಿದ್ದ ಹಳೆಯ 43ಎ ಕಲಮನ್ನೂ ಈ ಕಾಯ್ದೆ ತೆಗೆಯುತ್ತದೆ. ಸುಳ್ಳು ದೂರು ಕೊಟ್ಟರೆ ನಿಮಗೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ದಾರಿಯನ್ನೂ ಇಟ್ಟುಕೊಂಡಿದೆ. ನಿಮ್ಮ ಬಗ್ಗೆ ಏನು ಇಟ್ಟುಕೊಂಡಿದ್ದಾರೆ ಎಂದು ಕೇಳುವ, ತಿದ್ದಿಸುವ, ಅಳಿಸಿಸುವ ಹಕ್ಕುಗಳು ಕಾಯ್ದೆಯಲ್ಲಿವೆ, ಅದು ಒಳ್ಳೆಯದೇ. ಉಳಿದದ್ದಕ್ಕೆ ನನಗೆ ಚಪ್ಪಾಳೆ ತಟ್ಟಲು ಮನಸ್ಸಾಗುವುದಿಲ್ಲ.

ಆರ್‌ಟಿಐ ಹಾಕಿದರೆ 'ವೈಯಕ್ತಿಕ ಮಾಹಿತಿ' ಅಂತ ಒಂದೇ ಸಾಲಲ್ಲಿ ವಾಪಸ್ ಕಳಿಸ್ತಿದ್ದಾರೆ.

ಅದೇ ಡೇಟಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಮೊಟಕು ಮಾಡಿದ್ದರ ಫಲ ಇದು. ಮೊದಲು ಸಾರ್ವಜನಿಕ ಹಿತ ಇದ್ದರೆ ಮಾಹಿತಿ ಕೊಡಬೇಕು ಎಂಬ ಮಾತು ಆ ಕಲಮಿನಲ್ಲೇ ಇತ್ತು, ಈಗ ಇಲ್ಲ. ಆದರೆ 8(2) ಉಳಿದಿದೆ. ಗೌಪ್ಯತೆಯಿಂದಾಗುವ ಒಳಿತಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಎನ್ನುತ್ತದೆ ಅದು. ನರೇಗಾ ಕೂಲಿ ಪಟ್ಟಿಯೋ ಕಾಮಗಾರಿ ಬಿಲ್ಲೋ ಕೇಳುವಾಗ ಅರ್ಜಿಯಲ್ಲೇ 8(2) ನಮೂದಿಸಿ, ಹಿತ ಏನೆಂದು ಎರಡು ಸಾಲು ಬರೆಯಿರಿ. ಮೇಲ್ಮನವಿಯಲ್ಲಿ ಅದು ಕೈಹಿಡಿಯುತ್ತದೆ.

## ಕಂಪ್ಯೂಟರನ್ನೇ ನಂಬಿ ದುಡಿಯುವವರಿಗೆ

ಡಿಟಿಪಿ ಅಂಗಡಿ ನಂದು. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಎಲ್ಲರೂ ಬಳಸ್ತಾರೆ, ನನ್ನನ್ನೇ ಹಿಡೀತಾರಾ?

ಹಿಡಿಯುತ್ತಾರೋ ಇಲ್ಲವೋ, ಅಪರಾಧವಂತೂ ಹೌದು. ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ ಗೊತ್ತಿದ್ದೂ ಕದ್ದ ಪ್ರೋಗ್ರಾಂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ ಎರಡು ಲಕ್ಷದವರೆಗೆ ದಂಡ. ಲಾಭಕ್ಕಾಗಿ ಬಳಸದವರಿಗೆ ಕೋರ್ಟು ಜೈಲು ಬಿಡಬಹುದು, ಅಂಗಡಿಯವರಿಗೆ ಆ ರಿಯಾಯಿತಿ ಇಲ್ಲ. ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್ ಉಚಿತ, ಯೂನಿಕೋಡ್ ಕನ್ನಡವನ್ನೂ ತೆಗೆದುಕೊಳ್ಳುತ್ತವೆ. ಲಗ್ನಪತ್ರಿಕೆ, ಬ್ಯಾನರಿಗೆ ಧಾರಾಳವಾಗಿ ಸಾಕು. ಕೈ ಕೂರಲು ಸ್ವಲ್ಪ ದಿನ ಬೇಕು, ಅದು ನಿಜ.

ನಮ್ಮ ಯೂನಿವರ್ಸಿಟಿ ಸೈಟಲ್ಲಿ ವಿಳಾಸದ ಕೊನೆಯ ಅಂಕಿ ಬದಲಿಸಿದರೆ ಬೇರೆಯವರ ಮಾರ್ಕ್ಸ್ ಕಾರ್ಡ್ ಬರುತ್ತೆ. ಹೇಳಿದರೆ ನನ್ನ ಮೇಲೇ ಕೇಸ್ ಹಾಕ್ತಾರಾ?

ಹಾಕುವ ಸಾಧ್ಯತೆ ಇದೆ, ಅದಕ್ಕೇ ಹೇಳುವ ರೀತಿ ಮುಖ್ಯ. ಅನುಮತಿ ಇಲ್ಲದೆ ವ್ಯವಸ್ಥೆಯೊಳಗೆ ಹೋಗಿ ಮಾಹಿತಿ ತೆಗೆಯುವುದು ಐಟಿ ಕಾಯ್ದೆಯ 43ನೇ ಕಲಮಿನ ಉಲ್ಲಂಘನೆ. ಅದರಲ್ಲಿ ಮೋಸದ ಉದ್ದೇಶ ಸೇರಿದರೆ 66ರಡಿ ಮೂರು ವರ್ಷದವರೆಗೆ ಜೈಲು. ಉದ್ದೇಶ ಏನಿತ್ತು ಎಂಬುದನ್ನು ಆಮೇಲೆ ನಿಮ್ಮ ನಡೆಯಿಂದಲೇ ಅಳೆಯುತ್ತಾರೆ.

ಒಂದೋ ಎರಡೋ ಪುಟದಲ್ಲಿ ದೋಷ ಖಚಿತವಾಯಿತೇ, ಅಲ್ಲಿಗೆ ನಿಲ್ಲಿಸಿ. ಸ್ಕ್ರಿಪ್ಟು ಬರೆದು ಸಾವಿರ ಕಾರ್ಡು ಇಳಿಸಿಕೊಂಡರೆ 'ತೋರಿಸೋಕೆ ಮಾಡಿದೆ' ಎಂಬ ಮಾತು ಯಾರೂ ಕೇಳುವುದಿಲ್ಲ. ಬೇರೆಯವರ ಹೆಸರು ಮರೆಮಾಡಿ, ದೋಷದ ವಿವರವನ್ನು ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ಮೇಲ್ ಮಾಡಿ. ಅವರು ಸಂಬಂಧಪಟ್ಟವರಿಗೆ ಮುಟ್ಟಿಸುತ್ತಾರೆ, ನೀವು ವರದಿ ಮಾಡಿದ ದಿನಾಂಕವೂ ದಾಖಲಾಗುತ್ತದೆ. ಬಹುಮಾನ ಕೇಳಬೇಡಿ, ಸರಿಪಡಿಸುವ ಮುನ್ನ ಸ್ಟೇಟಸ್ ಹಾಕಬೇಡಿ. ಸದುದ್ದೇಶದಿಂದ ದೋಷ ತೋರಿಸುವವರಿಗೆ ಕಾಯ್ದೆಯಲ್ಲೇ ಸ್ಪಷ್ಟ ರಕ್ಷಣೆ ಬೇಕು ಎಂಬ ಬೇಡಿಕೆ ಹಳೆಯದು, ನ್ಯಾಯವಾದದ್ದು.

ಡೆಲಿವರಿ ಮಾಡ್ತೀನಿ ಅಣ್ಣ. ಬೆಳಗ್ಗೆ ಎದ್ದರೆ ಐಡಿ ಬ್ಲಾಕ್. ಯಾಕೆ ಅಂತ ಕೇಳೋಕೆ ಮನುಷ್ಯರೇ ಸಿಗಲ್ಲ.

ಕರ್ನಾಟಕದಲ್ಲಿ ದುಡಿಯುತ್ತಿದ್ದರೆ ನಿಮಗೊಂದು ಕಾಯ್ದೆ ಇದೆ, ತಮ್ಮಾ. ಪ್ಲಾಟ್‌ಫಾರಂ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ, 2025. ಸರಿಯಾದ ಕಾರಣವನ್ನು ಬರವಣಿಗೆಯಲ್ಲಿ ಕೊಟ್ಟು, 14 ದಿನ ಮುಂಚೆ ನೋಟಿಸ್ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ ಎನ್ನುತ್ತದೆ ಅದು. ಆರ್ಡರು ಹಂಚುವ, ರೇಟಿಂಗ್ ಕೊಡುವ, ನಿಮ್ಮ ಮೇಲೆ ಕಣ್ಣಿಡುವ ತಂತ್ರಾಂಶ ಹೇಗೆ ತೀರ್ಮಾನ ಮಾಡುತ್ತದೆ ಎಂಬುದನ್ನು ನಿಮಗೆ ಅರ್ಥವಾಗುವ ಹಾಗೆ ತಿಳಿಸಬೇಕು ಎಂದೂ ಇದೆ. ಪ್ರತಿ ವ್ಯವಹಾರದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಂಪನಿಯೇ ಕಟ್ಟಬೇಕು. ದೇಶದಲ್ಲಿ ರಾಜಸ್ಥಾನ 2023ರಲ್ಲಿ ಮೊದಲು ಮಾಡಿತ್ತು, ಅಲ್ಗಾರಿದಮ್ಮಿನ ವಿಷಯದಲ್ಲಿ ನಮ್ಮದು ಇನ್ನೂ ಒಂದು ಹೆಜ್ಜೆ ಮುಂದಿದೆ. ಬ್ಲಾಕ್ ಆದ ದಿನದ ಸ್ಕ್ರೀನು, ಹಿಂದಿನ ವಾರದ ಗಳಿಕೆ ಮತ್ತು ರೇಟಿಂಗಿನ ಪುಟ ತೆಗೆದಿಡುವುದನ್ನು ರೂಢಿ ಮಾಡಿಕೊಳ್ಳಿ. ಐಡಿ ಮುಚ್ಚಿದ ಮೇಲೆ ಅವು ಆ್ಯಪಿನಲ್ಲಿ ಸಿಗುವುದಿಲ್ಲ.

ಟಿಕೆಟ್ ಬುಕಿಂಗ್ ಪುಟದಲ್ಲಿ ಇನ್ಶೂರೆನ್ಸ್ ಬಾಕ್ಸಿಗೆ ಮೊದಲೇ ಟಿಕ್ ಹಾಕಿಡು ಅಂತ ಬಾಸ್ ಹೇಳ್ತಾರೆ. ಕೋಡ್ ಬರೆಯೋನು ನಾನು. ತಪ್ಪು ಯಾರದು?

ಕಾನೂನಿನ ಮಟ್ಟಿಗೆ ಮೊದಲ ಹೊಣೆ ಕಂಪನಿಯದು. ಗ್ರಾಹಕರಿಗೆ ಗೊತ್ತಿಲ್ಲದೆ ಬುಟ್ಟಿಗೆ ಸಾಮಾನು ಸೇರಿಸುವುದು, ಒಳಗೆ ಬರಲು ಒಂದು ಬಟನ್ನು ಹೊರಗೆ ಹೋಗಲು ಹತ್ತು ಪುಟ ಇಡುವುದು, ಇಂಥ 13 ಬಗೆಯ ವಂಚಕ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿ ನಿಷೇಧಿಸಿದೆ. ನೀವು ಹೇಳುತ್ತಿರುವ ಟಿಕ್ ಅದರಲ್ಲಿದೆ.

ಎದುರಾಡಿದರೆ ಕೆಲಸ ಹೋದೀತು ಎಂಬ ಹೆದರಿಕೆ ನನಗೆ ಅರ್ಥವಾಗುತ್ತದೆ, ಮನೆ ಸಾಲದ ಕಂತು ಕಟ್ಟುವವರಿಗೆ ಧೈರ್ಯದ ಪಾಠ ಹೇಳುವುದು ಸುಲಭ. ಅದಕ್ಕೇ ಧೈರ್ಯದ ಮಾತು ಬಿಟ್ಟು ಮಾರ್ಗಸೂಚಿಯ ಪ್ರತಿಯನ್ನೇ ಲಗತ್ತಿಸಿ ಒಂದು ಮೇಲ್ ಹಾಕಿ: 'ಈ ಟಿಕ್ ನಿಷೇಧಿತ ಪಟ್ಟಿಯಲ್ಲಿದೆ, ಲೀಗಲ್ ವಿಭಾಗದ ಒಪ್ಪಿಗೆ ಬಂದ ಮೇಲೆ ಬಿಡೋಣವೇ?' ಎಷ್ಟೋ ಸಲ ಆ ಒಂದು ಸಾಲಿಗೇ ಟಿಕ್ ಬಿದ್ದುಹೋಗುತ್ತದೆ. ಬಾಯಿಮಾತಿನಲ್ಲಿ ಆದೇಶ ಬಂದರೂ ಉತ್ತರ ಬರವಣಿಗೆಯಲ್ಲಿರಲಿ.

ಗ್ರಾಹಕರ ಜೇಬಿನಿಂದ ನೂರು ರೂಪಾಯಿ ಹೋಗುವ ವಿಷಯದಲ್ಲಿ ಎಂಜಿನಿಯರ್ ಜೈಲಿಗೆ ಹೋಗುವುದಿಲ್ಲ. ಎಲ್ಲ ಕೋಡೂ ಅಷ್ಟು ಸಣ್ಣದಲ್ಲ. ಹೊಗೆ ಪರೀಕ್ಷೆ ನಡೆಯುತ್ತಿದೆ ಎಂದು ಗೊತ್ತಾದಾಗ ಮಾತ್ರ ಕಾರು ಕಡಿಮೆ ಹೊಗೆ ಉಗುಳುವಂತೆ ಫೋಕ್ಸ್‌ವ್ಯಾಗನ್ ಕಂಪನಿ ತಂತ್ರಾಂಶ ಮಾಡಿಸಿತ್ತು. ಅದರಲ್ಲಿ ಕೈಯಾಡಿಸಿದ ಎಂಜಿನಿಯರ್ ಒಬ್ಬರಿಗೆ 2017ರ ಆಗಸ್ಟ್‌ನಲ್ಲಿ ಅಮೆರಿಕದ ಕೋರ್ಟು 40 ತಿಂಗಳ ಸಜೆ ಕೊಟ್ಟಿತು. ತನಿಖೆಗೆ ಸಹಕರಿಸಿದರೂ, ಮೇಲಿನವರು ಮಾಡಿಸಿದ್ದೆಂದು ತಿಳಿದಿದ್ದರೂ ಶಿಕ್ಷೆ ತಪ್ಪಲಿಲ್ಲ.